ಬೇಯದ ಸಬ್ಬಕ್ಕಿ

ನಾನು ಒಂದು ಸ್ಟೂಲು. ಸ್ಟೂಲಾಗುವ ಮೊದಲು ಬಿಳಿಯ ಕಾಳಾಗಿದ್ದೆ. ಕಾಳಾಗುವ ಮೊದಲು, ಒಂದು ಕಾಲೇಜಿನ ಪ್ರಯೋಗಶಾಲೆಯ ಉಕ್ಕಿನ ಪಾತ್ರೆಯಲ್ಲಿ ಬರೀ ಅನಿಲ. ಅಲ್ಲಿ ಸಂಶೋಧನೆ ಮಾಡುವ ಭುವನಾ ಮೇಡಂ ಮೊದಲು ಒಂದು ಅನಿಲ ಬಿಟ್ಟರು; ಹಾಲಿನ ಪ್ಯಾಕೆಟ್ಟಿನ ಜಾತಿಯ ಪ್ಲಾಸ್ಟಿಕ್ ಸರವಾಗಿ ಬೆಳೆದೆ. ಸರದ ತುದಿ ಇನ್ನೂ ಜೀವ ಹಿಡಿದಿರುವಾಗಲೇ ಬೇರೊಂದು ಅನಿಲ ಬಿಟ್ಟರು. ಅಲ್ಲಿಂದ ಮುಂದಕ್ಕೆ ಹೋಟೆಲಿನ ಪಾರ್ಸೆಲ್ ಡಬ್ಬಿಯ ಜಾತಿಯಾದೆ. ನಡುವೆ ಹೊರಗಿನ ಗಾಳಿ ಚೂರು ನುಸುಳಿದ್ದರೂ ತುದಿ ಸತ್ತು ಅರ್ಧಕ್ಕೇ ನಿಲ್ಲುತ್ತಿದ್ದೆ. ಹೆದರಿಕೊಂಡೇ ಹುಟ್ಟಿದವನು ನಾನು.

ಈ ಎರಡು ಜಾತಿಗಳನ್ನು ಕರಗಿಸಿ ಕಲಸಿದರೆ ಒಂದಕ್ಕೊಂದು ಅಂಟುವುದಿಲ್ಲ. ತಣ್ಣಗಾದ ಮೇಲೆ ಒಂದಾದಂತೆ ಕಾಣುತ್ತವೆ, ಯಾರಾದರೂ ಕೂತರೆ ಪಟ್ಟನೆ ಸೀಳುತ್ತವೆ. ನಾನು ನಡುವೆ ನಿಂತು ಒಂದು ಕೈಯಲ್ಲಿ ಇದನ್ನು, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳಬೇಕು. ಅದೇ ನನ್ನ ಕಸುಬು. ಹಿಡಿತ ಸಾಲದೆ ಹೋದರೆ? ಈ ಭಯ ಒಂದು ದಿನವೂ ನನ್ನನ್ನು ಬಿಟ್ಟಿಲ್ಲ.

ನನ್ನನ್ನು ಚೀಲಕ್ಕೆ ತುಂಬಿ ತುಮಕೂರು ರಸ್ತೆಯ, ಹಳೇ ಪ್ಲಾಸ್ಟಿಕ್ ಕರಗಿಸುವ ಷೆಡ್ಡಿಗೆ ಕಳಿಸಿದರು. ಪ್ಲಾಸ್ಟಿಕ್ ಕಾಳಿಗೆ ಆ ಕಸುಬಿನವರು ‘ದಾನಾ’ ಅನ್ನುತ್ತಾರೆ. ಮೆಷಿನ್ ನಡೆಸುವ ಇಲಿಯಾಸ್ ಚೀಲದ ಮೇಲೆ ದಪ್ಪಕ್ಷರದಲ್ಲಿ ‘ದಾನ’ ಎಂದು ಬರೆದು, ಬಾಗಿಲ ಪಕ್ಕ ಇಟ್ಟು ಊಟಕ್ಕೆ ಹೋದ.

ಷೆಡ್ಡಿನಲ್ಲಿ ಉಳಿದವಳು ಮಾಲು ಬೇರ್ಪಡಿಸಲು ಹೊಸದಾಗಿ ಸೇರಿದ್ದ ಸಣ್ಣತಾಯಮ್ಮ. ತಲೆ ನರೆಯುವ ಕಾಲಕ್ಕೆ ಅಕ್ಷರ ಕಲಿತವಳು. ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವವಳು. ಆಗಲೇ ಹಾಸ್ಟೆಲ್ ಮಕ್ಕಳಿಗೆಂದು ದವಸ ಎತ್ತುವ ಆಟೋ ಬಂತು.

“ಅಕ್ಕಿ, ಬೇಳೆ, ಏನಾದ್ರೂ ಕೊಡಮ್ಮ. ಅಪ್ಪ ಅಮ್ಮ ಇಲ್ಲದ ಮಕ್ಳು.”

ಅವಳು ಚೀಲ ನೋಡಿದಳು. “ದಾ...ನ.” ಚೀಲದ ಬಾಯಿ ಬಿಚ್ಚಿ ಇಣುಕಿದಳು. ಬೆಳ್ಳಗೆ, ದುಂಡಗೆ ಇದ್ದೆವು. “ನಮ್ ಸಾವ್ಕಾರ್ರು ಎತ್ತಿ ಮಡಗವ್ರೆ ಕಣಪ್ಪ, ಸಬ್ಬಕ್ಕಿ. ಪಾಯಸ ಮಾಡ್ಸು.”

ಬಾಯಿದ್ದಿದ್ದರೆ ಕೂಗಿಕೊಳ್ಳುತ್ತಿದ್ದೆ.

ಹಾಸ್ಟೆಲಿನಲ್ಲಿ ಹಾಲು, ಬೆಲ್ಲ ಕುದಿಯುವ ಕೊಪ್ಪರಿಗೆಗೆ ನಮ್ಮನ್ನು ಸುರಿದರು. ತೇಲಿದೆವು. ಅಡುಗೆಯ ನಂಜಪ್ಪ ಸೌಟಿನಿಂದ ಅದುಮಿದ, ಮತ್ತೆ ತೇಲಿದೆವು. “ಎಷ್ಟ್ ಕುದಿಸಿದ್ರೂ ಬೇಯಾಕಿಲ್ವಲ್ಲ, ಯಾವ ಕಾಲದ ಮಾಲೋ” ಎಂದು ಗೊಣಗಿದ. ಮಕ್ಕಳು ತಟ್ಟೆ ಬಡಿಯುತ್ತಿದ್ದವು. “ಆಯ್ತು, ದಾನದ ಹಸೀನ ಹಲ್ಲು ಎಣಿಸ್ಬಾರ್ದು. ಬಡಿಸ್ರಪ್ಪ.”

ಅದೇ ಹೊತ್ತಿಗೆ, ಇಲಿಯಾಸ್ ಊಟ ಮುಗಿಸಿ ಬಂದಾಗ ಷೆಡ್ಡಿನಲ್ಲಿ ನಡೆದ ಮಾತನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ.

“ದಾನಾ ಎಲ್ಲಮ್ಮಾ?”

“ದಾನ ಕೊಟ್ಟೆ ಕಣಪ್ಪ. ಹಾಸ್ಟೆಲ್ ಮಕ್ಳಿಗೆ, ಪಾಯಸಕ್ಕೆ.”

“ಅಮ್ಮಾ, ಅದು ಪ್ಲಾಸ್ಟಿಕ್ಕು.”

ಕೆಂಪು ರಿಬ್ಬನ್ನಿನ ಒಂದು ಹುಡುಗಿ ನನ್ನನ್ನು ಚಮಚದಲ್ಲಿ ಎತ್ತಿ ಉಫ್ ಉಫ್ ಎಂದು ಊದುತ್ತಿತ್ತು. ಅದರ ಹಾಲುಹಲ್ಲುಗಳು ಹತ್ತಿರ ಬಂದವು. ಬೇಯಲಾರೆ, ಕರಗಲಾರೆ, ಆ ಗಂಟಲಲ್ಲಿ ನಾನೇನು ಮಾಡಲಿ? ಅಷ್ಟರಲ್ಲಿ ಒಂದು ಒರಟು ಅಂಗೈ ಚಮಚಕ್ಕೂ ತುಟಿಗೂ ನಡುವೆ ಬಂತು. ಬರಿಗಾಲಲ್ಲಿ ಹೆದ್ದಾರಿ ದಾಟಿ ಓಡಿಬಂದಿದ್ದಳು ಸಣ್ಣತಾಯಮ್ಮ. “ತಿನ್ಬ್ಯಾಡ ಕಣವ್ವ” ಅಂದಳು, ಅಷ್ಟೇ. ಸಾಲು ಹಿಡಿದು ಒಬ್ಬೊಬ್ಬರದೂ ಬಾಯಿ ತೆಗೆಸಿದಳು. ಇಬ್ಬರು ದವಡೆಯಿಂದ ಕಾಳು ತೆಗೆದು ಅವಳ ಕೈಗೆ ಉಗಿದರು. ಯಾರೂ ನುಂಗಿರಲಿಲ್ಲ. ಆಮೇಲೆ ಅವಳು ತಟ್ಟೆಗಳಲ್ಲಿದ್ದ ನಮ್ಮನ್ನೆಲ್ಲ ಬಳಿದು ಚೀಲಕ್ಕೆ ತುಂಬಿ ಷೆಡ್ಡಿಗೆ ಹೊತ್ತು ತಂದಳು.

ಮರುದಿನ ಭುವನಾ ಮೇಡಂ ಜೊತೆ ಅವರ ಮೇಲಿನ ಸಾಹೇಬರು ಷೆಡ್ಡಿಗೆ ಬಂದರು. “ಓದೋಕೆ ಬರದವರನ್ನೆಲ್ಲ ಯಾಕ್ರೀ ಕೆಲಸಕ್ಕೆ ಇಟ್ಕೋತೀರ?”

ಓದಲು ಬರದವಳೇ? ಬರೆದದ್ದು ದಾನ, ಓದಿದ್ದೂ ದಾನ. ಓದಲು ಬಾರದಿದ್ದರೆ ಚೀಲ ಮುಟ್ಟುತ್ತಲೇ ಇರಲಿಲ್ಲ. ತಿನ್ನುವ ಮಾಲಲ್ಲ ಎಂದು ಚೀಲದ ಮೇಲೊಂದು ಗುರುತು ಹಾಕಿ ಕಳಿಸಬೇಕಿದ್ದವರು ಯಾರು? ಅದನ್ನು ಯಾರೂ ಕೇಳಲಿಲ್ಲ. ಭುವನಾ ಮೇಡಂ ಕನ್ನಡಕ ಒರೆಸಿಕೊಂಡರು.

ನೀರು ಬದಲಿಸಿ ಬದಲಿಸಿ ಸಣ್ಣತಾಯಮ್ಮನೇ ನಮ್ಮನ್ನು ತೊಳೆದಳು, ಒಣಗಿಸಿದಳು. ಇಲಿಯಾಸ್ ಎರಡೂ ಜಾತಿಯ ಚೂರಿನೊಂದಿಗೆ ನಮ್ಮನ್ನು ಕರಗಿಸಿ ಅಚ್ಚಿಗೆ ಬಿಟ್ಟ. ಹಿಡಿದುಕೊಂಡೆವು. ಸೀಳಲಿಲ್ಲ. ಆದರೆ ಎಲ್ಲೋ ಉಳಿದಿದ್ದ ಬೆಲ್ಲ ಸುಟ್ಟು ಮೈತುಂಬ ಕಂದು ಚುಕ್ಕಿ ಎದ್ದವು. ಚುಕ್ಕಿಯ ಸ್ಟೂಲು ಯಾರಿಗೆ ಬೇಕು? ಷೆಡ್ಡಿನ ಮೂಲೆಯಲ್ಲೇ ಉಳಿದೆ. ಅವಳು ನನ್ನ ಮೇಲೆ ಕೂತು ಮಾಲು ಆರಿಸುತ್ತಾಳೆ.

ಈಗ ನನಗೆ ವಯಸ್ಸಾಗಿದೆ. ಒಂದು ಕಾಲು ಬಾಗುವ ಕಡೆ ಬೆಳ್ಳಗೆ ಗೆರೆ ಬಿದ್ದಿದೆ. ಅವಳು ಕೂತಾಗಲೆಲ್ಲ ಜೀವ ಬಿಗಿಹಿಡಿಯುತ್ತೇನೆ. ಅವಳು ಗಟ್ಟಿಯಾಗಿ ಓದುವುದನ್ನು ಬಿಟ್ಟುಬಿಟ್ಟಿದ್ದಾಳೆ. ಅಕ್ಷರವಿರುವ ಮೂಟೆ ಬಂದರೆ, “ಇದೇನಪ್ಪ ಬರ್ದೈತೆ?” ಎಂದು ಕೇಳುತ್ತಾಳೆ. ಲಾರಿಯವರು, “ಏನ್ ಪಾಯಸದಮ್ಮ, ಇವತ್ತೇನ್ ಅಡುಗೆ?” ಎಂದು ನಗುತ್ತಾರೆ. ಅವಳೂ ನಗುತ್ತಾಳೆ. ಆಗ ಅವಳ ತೊಡೆ ನಡುಗುವುದು ಕೆಳಗಿರುವ ನನಗೆ ಮಾತ್ರ ಗೊತ್ತು.