ಹಿಂದಿನ ಸೀಟಿನ ಗುಟ್ಟು

ಅಂಗಡಿಯವರೆಲ್ಲ ಅವನನ್ನು ಗ್ರಾಂ ಸಾಹೇಬ ಎಂದು ಕರೆಯುತ್ತಿದ್ದರು, ಅದೂ ಅವನು ಅಂಗಡಿಯ ಮೆಟ್ಟಿಲಿಳಿದು ಹೋದ ಮೇಲೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಒಂದು ಕೆಜಿ ಸಕ್ಕರೆಯ ಪೊಟ್ಟಣವನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, "ಇಪ್ಪತ್ತು ಗ್ರಾಂ ಕಮ್ಮಿ ಇದೆಯಲ್ಲ ಸ್ವಾಮಿ" ಎಂದನೆಂದರೆ ತಕ್ಕಡಿ ತರಿಸುವ ಅಗತ್ಯವೇ ಇರಲಿಲ್ಲ. ಅಂಗಡಿಯವನೇ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದ. ಅಂಥವನ ಬೆನ್ನಿಗೆ ಎರಡಡಿ ಹಿಂದೆ ಕೂತು, ಪ್ರತಿ ಭಾನುವಾರ ಒಂದು ಗಂಟೆ, ಅವನ ಹೆಂಡತಿ ಅವನ ಕಣ್ಣಿಗೆ ಮಣ್ಣೆರಚುತ್ತಿದ್ದಳು.

ಹಿಂದಿನ ಬೇಸಿಗೆಯಲ್ಲಿ ಅವನು ಯಾರಿಂದಲೋ ಹಳೆಯದೊಂದು ಎರಡು ಸೀಟಿನ ಸೈಕಲ್ಲನ್ನು ಕೊಂಡು ತಂದಿದ್ದ. ಮುಂದೆ ತಾನು, ಹಿಂದೆ ಹೆಂಡತಿ. ಅರವತ್ತೆಂಟರ ಅವನ ಅಮ್ಮನಿಗೆ ಅವರದೇ ಹಳೆಯ ಲೇಡೀಸ್ ಸೈಕಲ್ಲು. ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಒಟ್ಟಿಗೆ ಹೊರಟು, ನೀರಿನ ಟ್ಯಾಂಕಿನ ಏರು ಹತ್ತಿ ಬರಬೇಕು ಎಂದು ಅಪ್ಪಣೆಯಾಯಿತು. ಹೆಂಡತಿ ಮನಸ್ಸಿನಲ್ಲೇ ಅವನಿಗೂ ಅವನ ಸೈಕಲ್ಲಿಗೂ ಶಾಪ ಹಾಕುತ್ತ ಹತ್ತಿದಳು. ಅವಳಿಗೆ ಬೇಕರಿಯಲ್ಲಿ ಕೆಲಸ. ವಾರಕ್ಕೆ ಆರು ದಿನ, ಬೆಳಗಿನ ಐದರಿಂದ ಮಧ್ಯಾಹ್ನ ಒಂದರವರೆಗೆ ನಿಂತೇ ಹಿಟ್ಟು ನಾದಬೇಕು. ಮನೆಗೆ ಬಂದರೆ ಒಲೆಯ ಮುಂದೆ, ಸಿಂಕಿನ ಮುಂದೆ, ಬಟ್ಟೆಯ ಹಗ್ಗದ ಮುಂದೆ ಮತ್ತೆ ನಿಲ್ಲಬೇಕು. ರಜೆಯ ದಿನವೂ ಕಾಲಿಗೆ ಬಿಡುವಿಲ್ಲವೇ ಎಂದು ಅವಳಿಗೆ ಅಳುವೇ ಬಂದಿತ್ತು.

ಆದರೆ ಬೀದಿಯ ತಿರುವು ದಾಟುವಷ್ಟರಲ್ಲಿ ಅವಳಿಗೆ ಒಂದು ಸಂಗತಿ ಹೊಳೆಯಿತು. ಮುಂದಿನವನು ತುಳಿದರೆ ಹಿಂದಿನ ಪೆಡಲೂ ತಾನಾಗಿಯೇ ತಿರುಗುತ್ತದೆ. ಪಾದವನ್ನು ಅದರ ಮೇಲೆ ಸುಮ್ಮನೆ ಇಟ್ಟಿದ್ದರಾಯಿತು. ಕಾಲು ಮೇಲೆ ಕೆಳಗೆ ಆಡುತ್ತಿರುತ್ತದೆ, ನೋಡಿದವರು ಪಾಪ ಎಷ್ಟು ತುಳಿಯುತ್ತಿದ್ದಾಳೆ ಅಂದುಕೊಳ್ಳಬೇಕು. ಎದುರಿಗಿರುವುದು ಗಂಡನ ಬೆನ್ನು. ಬೆನ್ನು ಏನನ್ನೂ ನೋಡುವುದಿಲ್ಲ. ಅವಳು ಕಾಲು ಸಡಿಲ ಬಿಟ್ಟಳು. ವಾರದಲ್ಲಿ ಮೊದಲ ಸಲ ಅವಳು ಕೂತಿದ್ದಳು, ಮತ್ತು ಈ ಲೋಕದಲ್ಲಿ ಯಾರೂ ಅವಳನ್ನು ಎದ್ದು ಬಾ ಎನ್ನುವಂತಿರಲಿಲ್ಲ.

ಅಲ್ಲಿಂದ ಶುರುವಾದದ್ದು ವರ್ಷಪೂರ್ತಿ ನಡೆಯಿತು. ಬೇಸಿಗೆಯಲ್ಲಿ ಗಂಡನ ಅಗಲ ಬೆನ್ನಿನ ನೆರಳಲ್ಲಿ ಕಣ್ಣು ಮುಚ್ಚಿ ಕೂತಳು. ಮಳೆಗಾಲದಲ್ಲಿ ರೈನ್‌ಕೋಟಿನ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕಡಲೆಕಾಯಿ ಮೆದ್ದಳು. ಸಿಪ್ಪೆಗಳನ್ನು ಕೋಟಿನ ಜೇಬಿಗೇ ತುಂಬಿಕೊಂಡಳು, ಸಾಕ್ಷಿ ಉಳಿಯಬಾರದು ನೋಡಿ. ಚಳಿಯಲ್ಲಿ ಎರಡೂ ಕೈಗಳನ್ನು ಅವನ ಸ್ವೆಟರಿನ ಕೆಳಗೆ ತೂರಿಸಿದಳು. ಅವನು ಅದನ್ನು ಪ್ರೀತಿ ಅಂದುಕೊಂಡ. ಅದರಲ್ಲಿ ಪ್ರೀತಿಯೂ ಇತ್ತೆನ್ನಿ. ಯಾರ ಮನೆಯ ಬಾಲ್ಕನಿಗೆ ಹೊಸ ಪರದೆ ಬಂತು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲವೂ ಅವಳಿಗೆ ಸೀಟಿನ ಮೇಲಿಂದಲೇ ತಿಳಿಯುತ್ತಿತ್ತು.

ಅತ್ತೆಗೆ ಮಾತ್ರ ಮೂರನೆಯ ವಾರವೇ ಗೊತ್ತಾಗಿಹೋಗಿತ್ತು. ಒಂದು ಭಾನುವಾರ ಅವರು ಪಕ್ಕಕ್ಕೆ ಬಂದು, ಸೊಸೆಯ ಮೀನಖಂಡವನ್ನು ಒಮ್ಮೆ ದಿಟ್ಟಿಸಿ ಮುಂದೆ ಹೋದರು. ಸಂಜೆ ಅಡುಗೆಮನೆಗೆ ಬಂದರು.

"ಬೇಕರೀಲಿ ಕ್ರೀಮ್ ಬನ್ನು ಚೆನ್ನಾಗಿ ಮಾಡ್ತೀರಂತೆ."

"ನಿಮ್ಮ ಮಗ ಬೇಡ ಅಂದಿದಾರಲ್ಲ ಅತ್ತೆ, ಸಿಹಿ ತಿನ್ನಬಾರದು ಅಂತ."

"ಅವನು ಮುಂದೆ ನೋಡ್ಕೊಂಡು ಹೋಗೋನು ಕಣಮ್ಮ. ಹಿಂದೆ ಏನಾಗ್ತಿದೆ ಅಂತ ಅವನಿಗೆಲ್ಲಿ ಗೊತ್ತಾಗುತ್ತೆ?"

ಮರುದಿನದಿಂದ ದಿನಕ್ಕೊಂದು ಕ್ರೀಮ್ ಬನ್ನು ಅತ್ತೆಯ ಕೋಣೆ ಸೇರತೊಡಗಿತು.

ಹೀಗೇ ಎಷ್ಟು ಕಾಲ ನಡೆಯುತ್ತಿತ್ತೋ. ಆದರೆ ಗ್ರಾಂ ಸಾಹೇಬನಿಗೆ ಯಾವುದನ್ನೂ ಅಳೆಯದೆ ಬಿಟ್ಟು ಅಭ್ಯಾಸವಿಲ್ಲ. ಏರು ಹತ್ತಲು ಎಷ್ಟು ಹೊತ್ತಾಯಿತೆಂದು ಪ್ರತಿ ವಾರ ಪುಟ್ಟ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದ. ಬೇಸಿಗೆಯಲ್ಲಿ ಒಂಬತ್ತು ನಿಮಿಷ. ಚಳಿಗಾಲದಲ್ಲಿ ಹತ್ತು. ಎಲೆ ಉದುರುವ ಗಾಳಿಕಾಲ ಬಂದಾಗ ಹನ್ನೊಂದೂವರೆ. ಅವನ ಅಮ್ಮನೋ ಪ್ರತಿ ಸಲ ಮೊದಲೇ ಮೇಲೆ ತಲುಪಿ, ಟ್ಯಾಂಕಿನ ಕಟ್ಟೆಯ ಮೇಲೆ ಕಾಲಾಡಿಸುತ್ತ ಕೂತಿರುತ್ತಿದ್ದರು. "ಏನೋ, ದಾರೀಲಿ ಟೀ ಕುಡ್ಕೊಂಡು ಬಂದ್ರಾ?" ಎಂದು ಕೇಳುತ್ತಿದ್ದರು.

ಇಬ್ಬರು ತುಳಿಯುವ ಸೈಕಲ್ಲನ್ನು ಒಬ್ಬ ಮುದುಕಿ ಹಿಂದೆ ಹಾಕುವುದೆಂದರೆ ಎಲ್ಲೋ ಏನೋ ತಪ್ಪಿದೆ. ಅವನಿಗೆ ಮೊದಲು ಅನುಮಾನ ಬಂದದ್ದು ಸೈಕಲ್ಲಿನ ಮೇಲೆ. ಎರಡು ಶನಿವಾರ ಅಂಗಳದಲ್ಲಿ ಹಳೆಯ ಪೇಪರು ಹಾಸಿ, ಚೈನು, ಬೇರಿಂಗು, ಪೆಡಲು ಎಲ್ಲ ಬಿಚ್ಚಿ, ತೊಳೆದು, ಗ್ರೀಸು ಹಚ್ಚಿ ಜೋಡಿಸಿದ. ಒಂದು ದೋಷವೂ ಸಿಗಲಿಲ್ಲ. ಊರಿನ ತಕ್ಕಡಿಗಳನ್ನೆಲ್ಲ ಶಂಕಿಸುವ ಮನುಷ್ಯ ಸ್ವಂತ ಹೆಂಡತಿಯನ್ನು ಶಂಕಿಸಲಿಲ್ಲ. ಆ ಯೋಚನೆ ಅವನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಸೈಕಲ್ಲು ಸರಿಯಿದ್ದರೆ ತಪ್ಪು ತನ್ನ ಕಾಲಿನದೇ ಎಂದು ಅವನು ತೀರ್ಮಾನಿಸಿದ.

ಅಂದಿನಿಂದ ಅವನ ಮುಖ ಸಪ್ಪಗಾಯಿತು. ಸ್ನಾನದ ನಂತರ ಕನ್ನಡಿಯ ಮುಂದೆ ಮೀನಖಂಡ ಉಬ್ಬಿಸಿ ನೋಡಿಕೊಳ್ಳುತ್ತಿದ್ದವನು ಈಗ ಮನೆಯೊಳಗೂ ಪ್ಯಾಂಟೇ ಹಾಕಿಕೊಂಡು ಓಡಾಡುತ್ತಿದ್ದ. ಒಂದು ಸಂಜೆ ಹೇಳಿದ: "ಸೈಕಲ್ ಕೊಟ್ಬಿಡ್ತೀನಿ ಕಣೇ. ಮೇಲಿನ ಬೀದೀಲಿ ಹೊಸದಾಗಿ ಮದುವೆ ಆದವರು ಕೇಳ್ತಿದಾರೆ. ನನ್ನ ಕೈಲಿ ಆಗಲ್ಲ ಇನ್ನು. ಪಾಪ, ನೀನೊಬ್ಬಳೇ ಎಷ್ಟು ಅಂತ ತುಳೀತೀಯ."

ಸೈಕಲ್ಲು ಹೋದರೆ ಅವಳ ಆ ಒಂದು ಗಂಟೆಯೂ ಹೋಯಿತು. ಈ ಭಾನುವಾರ ಜೋರಾಗಿ ತುಳಿದು ಅವನಿಗೆ ಧೈರ್ಯ ತುಂಬಬಹುದು. ಆದರೆ ಆಮೇಲೆ ಪ್ರತಿ ಭಾನುವಾರವೂ ತುಳಿಯಬೇಕಾಗುತ್ತದೆ, ಹಾಗೆ ಮಾಡಿದರೂ ಆ ಗಂಟೆ ಹೋದಂತೆಯೇ. ಬಾಯಿ ಬಿಟ್ಟರಂತೂ ಕೇಳುವುದೇ ಬೇಡ. ಅತ್ತೆ ಬಾಗಿಲ ಹಿಂದಿನಿಂದ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು: ಏನಾದರೂ ಮಾಡು, ನನ್ನ ಬನ್ನಿನ ಗತಿಯೇನು?

ಶನಿವಾರ ಮಧ್ಯಾಹ್ನ ಅವನು ಸೈಕಲ್ಲನ್ನು ಕೊನೆಯ ಸಲ ಒರೆಸುತ್ತಿದ್ದ. ಕಡ್ಡಿ ಕಡ್ಡಿಯನ್ನೂ ಬಟ್ಟೆಯಿಂದ ಉಜ್ಜುತ್ತಿದ್ದ ಅವನ ಬಾಗಿದ ಕತ್ತನ್ನು ನೋಡುತ್ತ ಅವಳು ಅಂಗಳಕ್ಕಿಳಿದಳು. ಆ ಒಂದು ಗಂಟೆ ಹೋದರೆ ಹೋಗಲಿ ಎಂದುಕೊಂಡಳು.

"ರೀ, ನಿಮ್ಮ ಕಾಲಿಗೆ ಏನೂ ಆಗಿಲ್ಲ. ನಾನೇ ತುಳೀತಿರಲಿಲ್ಲ."

"ಯಾವತ್ತು?"

"ಯಾವತ್ತೂ."

ಅವನು ಬಟ್ಟೆ ಕೆಳಗಿಟ್ಟ. "ಏರಲ್ಲೂ?"

"ಏರಲ್ಲೂ."

"ಅವತ್ತು ಅಷ್ಟೊಂದು ಎದುರು ಗಾಳಿ ಇತ್ತಲ್ಲ, ಅವತ್ತು?"

"ಅವತ್ತು ಸ್ವಲ್ಪ ನಿದ್ದೆ ಬಂದಿತ್ತು."

ಅವಳು ಗೋಡೆಗೆ ಒರಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. "ವಾರವೆಲ್ಲ ನಿಂತೇ ಇರ್ತೀನಿ ರೀ. ನಾನು ಕೂತ್ಕೊಳ್ಳೋದು ಅಂತ ಇದ್ರೆ ಆ ಸೀಟಿನ ಮೇಲೊಂದೇ. ಮನೇಲಿ ಕೂತ್ರೆ ಯಾರಾದ್ರೂ ಏನಾದ್ರೂ ಕೇಳ್ತೀರ. ಅಲ್ಲಿ ಯಾರೂ ಕೇಳಲ್ಲ."

ಅವನು ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ. ಆಮೇಲೆ ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ತೂಕದ ಯಂತ್ರವಿತ್ತು.

"ಹತ್ತು ಇದರ ಮೇಲೆ."

ಇದೆಂಥ ಶಿಕ್ಷೆಯೋ ಎಂದು ಅವಳು ಹತ್ತಿ ನಿಂತಳು. ಅರವತ್ತನಾಲ್ಕು. ಅವಳನ್ನು ಇಳಿಸಿ, ಸೈಕಲ್ಲನ್ನು ಎತ್ತಿಕೊಂಡು ತಾನೇ ಹತ್ತಿದ, ಇಳಿದ, ಬರಿಗೈಯಲ್ಲಿ ಮತ್ತೆ ಹತ್ತಿ ಕಳೆದು ನೋಡಿದ. ಸೈಕಲ್ಲು ಇಪ್ಪತ್ತೆರಡು. ತುಟಿ ಅಲುಗಾಡಿಸುತ್ತ ಲೆಕ್ಕ ಹಾಕಿದ.

"ಎಂಬತ್ತಾರು," ಎಂದ ಮೆಲ್ಲಗೆ. "ಎಂಬತ್ತಾರು ಕೆಜಿ ಕಣೇ. ಮೇಲೆ ನನ್ನ ತೂಕ ಬೇರೆ. ಅಷ್ಟನ್ನೂ ನಾನೊಬ್ಬನೇ ಎಳೆದಿದೀನಿ. ಒಂದು ವರ್ಷ. ಗಾಳೀಲಿ. ಮಳೇಲಿ."

ಅವನ ಕೈ ತಾನಾಗಿಯೇ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿತು. ಮೀನಖಂಡವನ್ನು ಉಬ್ಬಿಸಿ, ಎಡದಿಂದ ನೋಡಿದ, ಬಲದಿಂದ ನೋಡಿದ. ಮುಖ ಊರಗಲವಾಯಿತು. "ಅಮ್ಮಾ, ಇಲ್ಲಿ ಬಾ" ಎಂದು ಕೂಗಿ ಅವರಿಗೂ ತೋರಿಸಿದ. ಹತ್ತು ನಿಮಿಷದೊಳಗೆ ಮೇಲಿನ ಬೀದಿಯವರಿಗೆ ಫೋನು ಹೋಯಿತು: ಸೈಕಲ್ಲು ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಎಂಬುದನ್ನು ವಿವರಿಸಲು ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು.

ಫೋನಿಟ್ಟು ಬಂದವನು ಹೆಂಡತಿಗೆ ಬೆರಳು ತೋರಿಸಿ, "ಇನ್ಮೇಲೆ ಪೆಡಲ್ ಒತ್ತಿದ್ರೆ ನೋಡು, ನನ್ನ ದಾಖಲೆ ಕೆಡುತ್ತೆ" ಎಂದ. ಸಂಜೆ ಪೇಟೆಗೆ ಹೋಗಿ, ಸ್ಪ್ರಿಂಗು ಇರುವ ಅಗಲವಾದ ಹೊಸ ಸೀಟೊಂದನ್ನು ತಂದು ಹಿಂದಕ್ಕೆ ಕೂಡಿಸಿದ. ಸರಕು ಅಲುಗಾಡಬಾರದು ಎಂದು ಕಾರಣ ಕೊಟ್ಟ. ಅತ್ತೆ ಎರಡು ದಿನ ಮುನಿಸಿಕೊಂಡಿದ್ದರು. ಗುಟ್ಟೇ ಇಲ್ಲದ ಮೇಲೆ ಬನ್ನು ಕೇಳುವ ಬಾಯಿ ಅವರಿಗಿರಲಿಲ್ಲ. ಸೊಸೆ ಕೇಳದೆಯೇ ತಂದುಕೊಟ್ಟಳು.

ಮುಂದಿನ ಭಾನುವಾರ ಬಿಸಿಲು ಚುರುಕಾಗಿತ್ತು. ಅವಳು ಕದ್ದು ಕೂರಲಿಲ್ಲ, ರಾಜಾರೋಷವಾಗಿ ಕೂತಳು. ಅವನು ಎದೆಯುಬ್ಬಿಸಿ, ಎಂದಿಗಿಂತ ಜೋರಾಗಿ ತುಳಿಯುತ್ತ ಹೊರಟ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ "ಅವಳು ತುಳಿಯೋದೇ ಇಲ್ಲ" ಎಂದು ಸಾರುತ್ತ ಹೋದ. ಏರಿನ ಮೊದಲ ತಿರುವು ಸಲೀಸಾಗಿ ದಾಟಿತು. ಎರಡನೆಯದರಲ್ಲಿ ಅವನ ಮಾತು ನಿಂತಿತು. ಮೂರನೆಯದರಲ್ಲಿ ಕಿವಿಯ ಹಿಂಭಾಗ ಕೆಂಪಾಯಿತು, ಅಂಗಿ ಬೆನ್ನಿಗೆ ಅಂಟಿಕೊಂಡಿತು, ಸೈಕಲ್ಲು ಆಚೆ ಈಚೆ ವಾಲತೊಡಗಿತು. ಕಾಲು ನೆಲಕ್ಕಿಟ್ಟರೆ ಎಲ್ಲ ಮುಗಿದಂತೆ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸೀಟು ಮೆತ್ತಗಿತ್ತು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಲಗಾಲನ್ನು ಮೆಲ್ಲಗೆ, ಒಂದೇ ಒಂದು ಸಲ, ಒತ್ತಿದಳು.

ಸೈಕಲ್ಲು ನೆಟ್ಟಗಾಯಿತು.

"ಏಯ್," ಅವನು ಏದುಸಿರಿನ ನಡುವೆ, ಹಿಂತಿರುಗದೆ ಕೇಳಿದ, "ತುಳೀತಿದೀಯಾ?"

"ಇಲ್ಲ ರೀ, ಕೂತಿದೀನಿ" ಎಂದಳು ಅವಳು, ಎಡಗಾಲನ್ನೂ ಒತ್ತುತ್ತ.