ಬಾಗಿಯ ಸ್ವರ ಕುಡಿದ ಕೋಣೆ

ಬಾಗಿ ಕೋಟೇಶ್ವರದಲ್ಲಿ ನಿಂತು "ಬಂಗುಡೇ" ಎಂದರೆ ಸಾಕು, ಶಿರೂರಿನ ಬೆಕ್ಕುಗಳು ಬಾಲವೆತ್ತಿ ಬಸ್ಸು ಹತ್ತುತ್ತಿದ್ದವು. ಸುಳ್ಳೆನಿಸಿದರೆ ಕಂಡಕ್ಟರನನ್ನೇ ಕೇಳಿ. ಮೀನು ಮಾರುವವರೆಲ್ಲ ರಿಕ್ಷಾಕ್ಕೆ ಮೈಕು ಕಟ್ಟಿದರೂ ಬಾಗಿಗೆ ಗಂಟಲೇ ಬಂಡವಾಳ.

ಅವಳ ಅಕ್ಕನ ಮಗ ರತನ್ ಸ್ಪೀಕರ್ ಮಾಡುವವನು. ಅವುಗಳ ಪರೀಕ್ಷೆಗೆಂದು ಹೆದ್ದಾರಿ ಬದಿಯಲ್ಲಿ ಒಂದು ಕೋಣೆ ಕಟ್ಟಿಸಿದ್ದ. ಗೋಡೆ, ಮಾಡು, ಬಾಗಿಲು, ಎಲ್ಲೆಲ್ಲೂ ಚೂಪು ಚೂಪು ಸ್ಪಂಜು. ನೆಲಕ್ಕೂ ಸ್ಪಂಜೇ, ಅದರ ಮೇಲೆ ಬಿಗಿದ ತಂತಿಬಲೆಯ ಮೇಲೆ ನಡೆಯಬೇಕು.

"ಚಿಕ್ಕಿ, ಒಳ್ಗ್ ಹೋಯಿ ಒಂದ್ಸಲ ಕೂಗ್ ಕಾಂಬ."

"ಈ ಬಲಿ ಎಂತಕಾ? ಮೀನ್ ಹಿಡುಕಾ?" ಎನ್ನುತ್ತ ಬಾಗಿ ಬುಟ್ಟಿಯನ್ನು ಹೊರಗಿಟ್ಟು ಹೊಕ್ಕಳು. ಬಾಗಿಲು ಮುಚ್ಚಿತು. ಎದೆತುಂಬ ಉಸಿರೆಳೆದು "ಬಂಗುಡೇ!" ಎಂದಳು.

ಸ್ವರ ತುಟಿ ದಾಟಿದಲ್ಲೇ ಮಲಗಿಬಿಟ್ಟಿತು. ಮರಿಬೆಕ್ಕು ಸೀನಿದಷ್ಟೂ ಕೇಳಲಿಲ್ಲ.

ರತನ್ ಬಾಗಿಲು ತೆರೆದು, "ಸ್ಪಂಜ್ ಸ್ವರ ಕುಡಿತ್ತ್ ಚಿಕ್ಕಿ, ಅಷ್ಟೇ. ಹೊರ್ಗ್ ಬಾ," ಎಂದ.

"ಕುಡಿತ್ತಾ? ನನ್ನ ಸ್ವರ ಇಲ್ಲೇ ಬಿಟ್ಟ್ ನಾ ಬತ್ತಿಲ್ಲ!"

ಬಾಗಿಲಾಚೆ ನಿಂತು ಇದನ್ನು ಕೇಳಿದ ಚಂದ್ರಮತಿಗೆ ಹಬ್ಬ. ಅವಳೂ ಅದೇ ಬೀದಿಯ ಮೀನಿನವಳು. ಕುಣಿಯುತ್ತಲೇ ಒಳನುಗ್ಗಿದಳು, ಭಾರದ ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು.

"ಹ್ವಾಯ್ ಬಾಗಕ್ಕ, ನಾಳಿಂದ ನಿನ್ನ ಗಿರಾಕಿ ಮನಿಗಳೆಲ್ಲ ನಂದೇ ಕಾಣ್! ಅಂಜಲೇ..." ಅವಳ ಅಂಜಲ್ ಮೀನಿನ ಕೂಗೂ ಗಾಳಿಯಲ್ಲೇ ಕರಗಿತು. "ಅಯ್ಯೋ ದೇವ್ರೇ, ನಂದೂ ಕುಡಿತಲ್ಲೇ!"

"ಹೆದ್ರಬೇಡ ಮಾರಾಯ್ತಿ. ಒಣ ಸ್ಪಂಜಲ್ದಾ? ಹೊಟ್ಟಿ ತುಂಬುವರಿಗೆ ಕುಡಿತ್ತ್. ತುಂಬ್ಸುವ. ಹೆಚ್ಚಾದ್ದ್ ಹೊರ್ಗ್ ಬಪ್ಪುದೇ."

ಇಬ್ಬರೂ ಸೆರಗು ಬಿಗಿದರು. ಬಂಗುಡೆ, ಬೂತಾಯಿ, ಕಾಣೆ, ಸಿಗಡಿ ಎಲ್ಲ ಕೂಗಿದರು. ಮೀನಿನ ಹೆಸರುಗಳು ಮುಗಿದ ಮೇಲೆ ಗಂಡಂದಿರನ್ನು ಬೈದರು. ಚೌಕಾಸಿ ಮಾಡುವ ಗಿರಾಕಿಗಳನ್ನು ಹೆಸರು ಹಿಡಿದು ಬೈದರು. ಗೋಡೆ ತೇಗಲೂ ಇಲ್ಲ.

ಹೊರಗೆ, ಒಳಗಿನ ಸದ್ದು ಅಳೆಯುವ ಯಂತ್ರದ ಮುಳ್ಳು ಕೊನೆ ಮುಟ್ಟಿ ಕೊಕ್ಕೆಯಂತೆ ಬಗ್ಗಿತು. ಹೆಂಗಸರು ಹೊಡೆದಾಡುತ್ತಿದ್ದಾರೆಂದು ಹೆದರಿದ ರತನ್ ಬಾಗಿಲನ್ನು ದಬಕ್ಕನೆ ಎಳೆದ. ಆಗಷ್ಟೇ ಇಬ್ಬರೂ ಕೂಡಿ ಬಾಯಿ ತೆರೆದಿದ್ದರು.

"ಬಂಗುಡೇ!"

ರತನನ ಟೊಪ್ಪಿ ಹಾರಿ ತೆಂಗಿನ ಗರಿಗೆ ಸಿಕ್ಕಿಕೊಂಡಿತು. ಹೆದ್ದಾರಿಯ ಬಸ್ಸು ಡ್ರೈವರನನ್ನು ಕೇಳದೆ ಬ್ರೇಕು ಹಾಕಿತು.

"ಗ್ವಾಡಿ ಹೊಟ್ಟಿ ತುಂಬಿ ಕಾರಿತ್ ಕಾಣ್!" ಬಾಗಿ ತಂತಿಬಲೆಯ ಮೇಲೆ ಚೆಂಡಿನಂತೆ ಪುಟಿದಳು.

"ಆದ್ರ್ ಬಸ್ ನಿಲ್ಸಿದ್ ನನ್ನ ಸ್ವರ!"

"ಹೋಗೇ! ನಂದ್!"

ಬಸ್ಸಿನಿಂದ ಇಳಿದವರು ಬುಟ್ಟಿಯ ಸುತ್ತ ನಿಂತು ಬಂಗುಡೆಗೆ ಎಷ್ಟೆಂದು ಕೇಳುತ್ತಲೇ ಇದ್ದರು. ಆ ಗಲಾಟೆಯಲ್ಲಿ ಅವರ ಮಾತು ಯಾರಿಗೆ ಕೇಳಬೇಕು?