ಗಂಟಲಿನ ಈಚೆ

“ಇವತ್ತ ಉಗುಳಂಗಿಲ್ಲ ನೋಡು,” ಎಂದು ಕುತುಬುದ್ದೀನ್ ಉಗುಳುವ ತಗಡಿನ ಡಬ್ಬಿಯನ್ನು ಕಾಲಿನಿಂದಲೇ ಬೆಂಚಿನ ಅಡಿಗೆ ತಳ್ಳಿದ.

ವಾದಿರಾಜ ನಕ್ಕ. ನಗಬೇಕಾದ ಕಡೆ ನಗುವುದು ಅವನಿಗೆ ರೂಢಿಯಾಗಿತ್ತು.

ಮಾನ್ವಿ ಬಸ್ ಸ್ಟ್ಯಾಂಡಿನ ಎದುರು ಕುತುಬುದ್ದೀನನ ಸೋಡಾ ಅಂಗಡಿ. ಸೋಡಾ ತುಂಬುವ ಮಶೀನು ನಿನ್ನೆ ಮಾರಿಹೋಗಿತ್ತು. ಅದು ನಿಂತಿದ್ದ ಜಾಗದಲ್ಲಿ ನೆಲ ಮಾತ್ರ ಬೆಳ್ಳಗೆ, ಚೌಕವಾಗಿ ಉಳಿದಿತ್ತು. ಬಣ್ಣಬಣ್ಣದ ಕೋಲ್ಡ್ ಡ್ರಿಂಕ್ಸ್ ಬಂದ ಮೇಲೆ ಗೋಲಿ ಒತ್ತಿ ಕುಡಿಯುವವರು ಯಾರು? ನಾಳೆ ಗಂಡ ಹೆಂಡತಿ ಇಬ್ಬರೂ ದೇವದುರ್ಗಕ್ಕೆ, ಮಗಳು ವಾಹಿದಾಳ ಮನೆಗೆ.

ಹೋಗುವ ಮುಂಚೆ ಒಂದು ಬಾಟಲಿ ಉಳಿದಿತ್ತು. ಬಕೆಟ್ಟಿನ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು.

ಆ ಬಾಟಲಿಯ ತಪ್ಪು ವಾದಿರಾಜನದೇ. ಹೈದರಾಬಾದಿನ ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡುವುದು ಅವನ ನೌಕರಿ. ಹಿಂದಿನ ಸಲ ಬಂದಾಗ ಮಾತಿಗೆ ಮಾತು ಸೇರಿಸುತ್ತ, ಹೊರದೇಶದಲ್ಲಿ ಗೋಧಿಯ ಬಿಯರಿಗೆ ಕೊತ್ತಂಬರಿ ಕಾಳು, ಕಿತ್ತಳೆ ಸಿಪ್ಪೆ ಹಾಕುತ್ತಾರೆ, ಬೇಸಿಗೆಗೆ ಹಗುರಾಗಿರುತ್ತದೆ ಎಂದಿದ್ದ. ತಮಾಷೆಗೆ, ಬಿಯರಿಗೆ ಕಹಿ ಕೊಡುವ ಒಣ ಹೂವನ್ನೂ ಒಂದು ಹಿಡಿ ಕೊಟ್ಟು ಹೋಗಿದ್ದ.

ಕುತುಬುದ್ದೀನ್ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಗೋಧಿಯನ್ನು ಗೋಣಿಯಲ್ಲಿ ಮೊಳಕೆ ಬರಿಸಿದ, ಮಾಳಿಗೆ ಮೇಲೆ ಒಣಗಿಸಿದ. ಬೇಕರಿಯವನನ್ನು ಕಾಡಿ ಬೇಡಿ ಹಿಟ್ಟು ಉಬ್ಬಿಸುವ ಈಸ್ಟ್ ತಂದ. ಗೋಲಿ ಬಾಟಲಿಗೆ ತುಂಬಿ ಬೋರಲು ನಿಲ್ಲಿಸಿದ. ಒಳಗಿನ ಗ್ಯಾಸೇ ಗೋಲಿಯನ್ನು ಕುತ್ತಿಗೆಗೆ ಒತ್ತಿ ಹಿಡಿಯಿತು.

“ಉಳಿದ ಬಾಟ್ಲಿ ಎಲ್ಲ ಢಮಾರ್,” ಎಂದ. “ಬೆಕ್ಕು ಮನಿ ಬಿಟ್ಟು ಓಡಿಹೋತು. ಇನ್ನೂ ಬಂದಿಲ್ಲ.”

“ನೀ ರುಚಿ ನೋಡಿದ್ಯಾ?”

“ತೋಬಾ ತೋಬಾ! ಬರೇ ಮೂಸಿ ನೋಡಿ ಮಾಡೀನಿ.”

“ಹಂಗಾದ್ರ ಚಲೋನೇ ಇರ್ತದ.”

“ಕುಡಿಯೂಕಿಂತ ಮೊದಲ ಹೇಳಬ್ಯಾಡಲೇ. ನಾ ಕುಡಿಯಂಗಿಲ್ಲ, ನೀ ನುಂಗಂಗಿಲ್ಲ. ಮತ್ತ ಯಾರ ಸಲುವಾಗಿ ಮಾಡೀನಿ ಇದನ್ನ?”

ಒಳಗಿನಿಂದ ಅಕ್ಬರಿ ಬೇಗಂ ಕೂಗಿ ಹೇಳಿದಳು: “ಒಂದ್ ಗುಟುಕು ನುಂಗಿಬಿಡ್ರಿ ಅಣ್ಣಾರ! ನನ್ನ ಜೋಡಿ ಮಾತು ಬಿಟ್ಟು ಆ ಬಾಟ್ಲಿ ಜೋಡಿ ಮಾತಾಡಾಕತ್ತಾರ.”

ವಾದಿರಾಜ ಬಸ್ ಸ್ಟ್ಯಾಂಡಿನ ಕಡೆ ನೋಡಿದ. ರಾಯಚೂರಿನ ಬಸ್ಸು ಆಗಲೇ ಬಂದು ನಿಂತಿತ್ತು.

ನೌಕರಿ ಸಿಕ್ಕಾಗ ತಾಯಿ ತುಳಸಿಬಾಯಿ ಎರಡು ದಿನ ಊಟ ಬಿಟ್ಟಿದ್ದಳು. ಮೂರನೆಯ ದಿನ ಸಂಬಳ ಎಷ್ಟೆಂದು ಕೇಳಿದಳು. ಆಮೇಲೆ ಬೃಂದಾವನದ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು: “ಬಾಯಾಗ ಹಾಕ್ಕೋ. ಗಂಟಲದಾಗ ಇಳಿಸಂಗಿಲ್ಲ ಅನ್ನು.” ಅವನು ಅಂದ. ನಾಲಿಗೆ ಸಂಬಳಕ್ಕೆ, ಗಂಟಲು ದೇವರಿಗೆ. ಇಬ್ಬರಿಗೂ ನೆಮ್ಮದಿ.

ಅವನು ನುಂಗುವುದಿಲ್ಲವೆಂದು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೆಂದಲ್ಲ. ಬಿಯರಿನ ಕಹಿ ನುಂಗಿದ ಮೇಲೆಯೇ ತಿಳಿಯುವುದು. ಆ ಕಹಿಯ ಬಗ್ಗೆ ಅವನು, ನುಂಗಿದ ಪಕ್ಕದವನ ಮುಖ ನೋಡಿ ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ. ಬರುಬರುತ್ತ ಎಲ್ಲದಕ್ಕೂ ಪಕ್ಕದವರ ಮುಖ ನೋಡುವಂತಾಯಿತು: ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ. ಮನೆಯಲ್ಲಿ ಸಾರನ್ನೂ ಬಾಯಲ್ಲೇ ತಿರುಗಿಸುತ್ತ ಕೂತರೆ ಹೆಂಡತಿ ಅನಸೂಯಾಬಾಯಿ, “ಊಟಾ ಮಾಡ್ಲಿಕತ್ತೀರೋ, ಪರೀಕ್ಷಾ ಮಾಡ್ಲಿಕತ್ತೀರೋ?” ಎನ್ನುತ್ತಿದ್ದಳು.

ತುಳಸಿಬಾಯಿ ತೀರಿಕೊಂಡು ವರ್ಷವಾಗಿತ್ತು. ಆಣೆ ಇತ್ತು. ಬಿಡಿಸಬೇಕಾದವಳು ಇರಲಿಲ್ಲ.

“ಒತ್ತಲಿ?” ಕುತುಬುದ್ದೀನ್ ಬಾಟಲಿಯನ್ನು ನೆಟ್ಟಗೆ ಹಿಡಿದ.

“ಬಸ್ಸಿಗೆ ಹೊತ್ತಾತು.”

“ಬಸ್ಸು ದಿನಾ ಬರ್ತದ.”

ಹೆಬ್ಬೆರಳಿನಿಂದ ಒತ್ತಿದ. ಗೋಲಿ ಚೀರಿ ಕೆಳಗಿಳಿಯಿತು. ಗ್ಲಾಸಿನಲ್ಲಿ ಅಕ್ಕಿ ತೊಳೆದ ನೀರಿನಂಥ ಮಬ್ಬು, ಮೇಲೆ ತೆಳ್ಳನೆಯ ನೊರೆ. ವಾದಿರಾಜ ಮೂಸಿದ. ಬಾಯಿ ತುಂಬ ತೆಗೆದುಕೊಂಡ.

ಕೊತ್ತಂಬರಿ ಮೊದಲು ಬಂತು, ಹುರಿಯದೆ ಕುಟ್ಟಿದ್ದು. ಅದರ ಹಿಂದೆ ಕಿತ್ತಳೆ, ನೆರಳಿನಲ್ಲಿ ಒಣಗಿಸಿದ್ದು. ನಾಲಿಗೆಯ ಅಂಚಿಗೆ ಇಷ್ಟೇ ಇಷ್ಟು ಹುಳಿ. ಗೋಧಿ ಹಗುರ. ಒಂದು ದೋಷ: ಎಲ್ಲೋ ಗೋಣಿಯ ವಾಸನೆ. ಅದೂ ಕೆಟ್ಟದ್ದೆನ್ನಿಸಲಿಲ್ಲ. ಹುಡುಗರಾಗಿದ್ದಾಗ ಸಂತೆಯ ದಿನ ಇಬ್ಬರೂ ಗೋಣಿ ಮೂಟೆಗಳ ಮೇಲೆ ಮಲಗಿ ಇಂಗ್ಲಿಷ್ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದ ನೆನಪಾಯಿತು.

ನಾಲಿಗೆ ಹೇಳಬಹುದಾದದ್ದೆಲ್ಲ ಮುಗಿಯಿತು. ಉಳಿದದ್ದು ಕಹಿ.

ಪಕ್ಕದವನ ಮುಖ ನೋಡಿದ. ಕುತುಬುದ್ದೀನ್ ಇವನ ಗಂಟಲನ್ನೇ ನೋಡುತ್ತಿದ್ದ. ಬಾಯಿ ಅರ್ಧ ತೆರೆದಿತ್ತು, ಮಗುವಿಗೆ ತುತ್ತು ಕೊಡುವವರ ಬಾಯಿ ತೆರೆದುಕೊಳ್ಳುವ ಹಾಗೆ. ಆ ಮುಖದಲ್ಲಿ ಓದಿ ಹೇಳುವಂಥದು ಏನೂ ಇರಲಿಲ್ಲ.

“ನುಂಗು, ರಾಜಾ,” ಎಂದ ಮೆಲ್ಲಗೆ.

ಬಸ್ಸು ಹಾರ್ನ್ ಹೊಡೆಯಿತು. ವಾದಿರಾಜ ಚೀಲ ಎತ್ತಿಕೊಂಡ. ಕೈ ಎತ್ತಿ ಏನೋ ಸನ್ನೆ ಮಾಡಿದ, ಏನೆಂದು ಅವನಿಗೂ ತಿಳಿಯಲಿಲ್ಲ. ರಸ್ತೆ ದಾಟಿ ಬಸ್ಸು ಹತ್ತಿ ಕೂತ. ಬಾಯಿ ತುಂಬಿಯೇ ಇತ್ತು.

ಕುತುಬುದ್ದೀನ್ ಕಿಟಕಿಯ ಕೆಳಗೆ ಬಂದು ನಿಂತ. ಕೈಯಲ್ಲಿ ಬಾಟಲಿ ಇತ್ತು. ಅವನ ಏದುಸಿರಿನ ಜೊತೆಗೆ ಅದರೊಳಗಿನ ಗೋಲಿ ಕಿಣಿಕಿಣಿ ಎನ್ನುತ್ತಿತ್ತು. “ಚಲೋ ಅದ ಅಂತ ಅನ್ನಬ್ಯಾಡ. ಇಳೀತೋ ಇಲ್ಲೋ, ಅಷ್ಟ ಹೇಳು.”

ವಾದಿರಾಜ ತಲೆಯಾಡಿಸಿದ. ಹೌದೆಂದೂ ಆಗಬಹುದು, ಇಲ್ಲವೆಂದೂ.

ಬಸ್ಸು ಹೊರಟಿತು. ಕುತುಬುದ್ದೀನ್ ನಾಲ್ಕು ಹೆಜ್ಜೆ ಪಕ್ಕದಲ್ಲೇ ಓಡಿ, ನಿಂತ. ಬಾಟಲಿ ಹಿಡಿದ ಕೈ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು.

ಕಾಲುವೆ ದಾಟಿತು, ಗದ್ದೆಗಳು ಬಂದವು. ಬಾಯೊಳಗೆ ಗುಳ್ಳೆಗಳು ಒಂದೊಂದಾಗಿ ಸತ್ತವು. ಕೊತ್ತಂಬರಿ ಹೋಯಿತು, ಕಿತ್ತಳೆ ಹೋಯಿತು. ಕೊನೆಗೆ ಗೋಣಿಯೂ ಹೋಯಿತು. ಉಳಿದದ್ದು ಅವನದೇ ಮೈಯಷ್ಟು ಬೆಚ್ಚಗಿನ ನೀರು.

ಕಂಡಕ್ಟರ್ ಬಂದ. “ಎಲ್ಲಿಗ್ರೀ?”

ವಾದಿರಾಜ ಅವನ ಮುಖ ನೋಡಿದ.

“ತಂಬಾಕೇನ್ರಿ ಬಾಯಾಗ? ಕಿಟಕ್ಯಾಗ ಉಗುಳ್ರಿ, ಇಲ್ಲಾ ನುಂಗ್ರಿ. ಊರ ಹೇಳ್ರಿ, ಊರ!”

ಸುತ್ತಲಿನವರೆಲ್ಲ ತಿರುಗಿ ನೋಡಿದರು. ವಾದಿರಾಜ ತುಟಿ ಬಿಗಿಹಿಡಿದು, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ.